ಗರಡಿಯ ಮಣ್ಣು, ಪಲ್ಟನ್ನಿನ ದಾರಿ

ಬೆಳಗಾವಿಯಿಂದ ಪುಣೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟ ಪ್ರವಾಸಿಗೆ, ಸ್ತವನಿಧಿಯ ಘಾಟ ಇಳಿಯುತ್ತಲೇ ನಿಪ್ಪಾಣಿಯ ಬಯಲು ಎದುರಾಗುತ್ತದೆ. ಎರೆಮಣ್ಣಿನ ಹೊಲಗಳು, ತಂಬಾಕು, ಕಬ್ಬು, ನಡುನಡುವೆ ಹೆಂಚಿನ ಮನೆಗಳ ಊರುಗಳು. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಚಿಕ್ಕೋಡಿ, ಮುಂದೆ ರಾಯಬಾಗ. ಕುಡಚಿಯ ಬಳಿ ಕೃಷ್ಣೆಯನ್ನು ದಾಟಿದರೆ ಉಗಾರ, ಶೇಡಬಾಳ, ಕಾಗವಾಡ. ಇನ್ನೂ ಪೂರ್ವಕ್ಕೆ ನೆಲ ಒಣಗುತ್ತ ಹೋಗಿ ಅಥಣಿ. ನಿಪ್ಪಾಣಿ ಮತ್ತು ಕಾಗವಾಡಗಳು ತಾಲ್ಲೂಕುಗಳಾದದ್ದು ಈಚಿನ ವರ್ಷಗಳಲ್ಲಿ. ಅದಕ್ಕೆ ಮೊದಲು ಇವೆರಡೂ ಚಿಕ್ಕೋಡಿ, ಅಥಣಿಗಳ ಮಡಿಲಲ್ಲಿದ್ದವು.

ಈ ಸೀಮೆಯನ್ನು ನೋಡಬಂದವರು ಸಾಮಾನ್ಯವಾಗಿ ಯಡೂರಿನ ವೀರಭದ್ರನನ್ನೂ, ಚಿಂಚಲಿಯ ಮಾಯಕ್ಕನನ್ನೂ, ಅಥಣಿಯ ಮುರುಘೇಂದ್ರ ಶಿವಯೋಗಿಗಳ ಮಠವನ್ನೂ ಕಂಡು ಹಿಂದಿರುಗುತ್ತಾರೆ. ಅದು ಸರಿಯೇ. ಆದರೆ ಊರಿನ ನಡುವೆ ಚಾವಡಿಯ ಆಚೆಗೋ, ಹನುಮಂತ ದೇವರ ಗುಡಿಯ ಬೆನ್ನಿಗೋ ಅಂಟಿಕೊಂಡ ಒಂದು ಕುಳ್ಳು ಕಟ್ಟಡವನ್ನು ಅವರು ಗಮನಿಸುವುದಿಲ್ಲ. ಅದು ಗರಡಿಮನೆ, ಇಲ್ಲಿನ ಜನರ ಬಾಯಲ್ಲಿ ತಾಲೀಮು. ಈ ಐದು ತಾಲ್ಲೂಕುಗಳ ಹಳ್ಳಿಗಳು ದೂರದ ಯುದ್ಧಗಳಿಗೆ ಏನನ್ನು ತೆತ್ತವು, ಅದನ್ನು ಹೇಗೆ ನೆನಪಿಟ್ಟುಕೊಂಡವು ಎಂಬ ಕಥೆಗೆ ಈ ಕಟ್ಟಡವೇ ಬಾಗಿಲು.

ಊರಿಗೊಂದು ತಾಲೀಮು

ಗರಡಿಯ ಬಾಗಿಲು ಗಿಡ್ಡದು. ಒಳಗೆ ಹೋಗುವವನು ತಲೆ ಬಾಗಿಸಲೇಬೇಕು. ಒಳಗೆ ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಹದ ಮಾಡುತ್ತಾರೆ. ಗೋಡೆಯ ಗೂಡಿನಲ್ಲಿ ಹನುಮಂತ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡುಗಳು. ನಸುಕಿನಲ್ಲಿ ಹುಡುಗರು ಬಂದು ದಂಡ, ಬೈಠಕ್ ಹೊಡೆಯುತ್ತಾರೆ. ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಯಾರೂ ಕಣಕ್ಕಿಳಿಯುವುದಿಲ್ಲ. ಕಲಿಸುವ ವಸ್ತಾದನ ಮಾತೇ ಅಲ್ಲಿ ಶಾಸನ.

ಕೊಲ್ಲಾಪುರದ ಛತ್ರಪತಿ ಶಾಹು ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಈ ಹಳ್ಳಿಗಳಿಗೂ ಹಬ್ಬಿತು. 1912ರಲ್ಲಿ ಸಿದ್ಧವಾದ ಅಲ್ಲಿನ ಖಾಸಬಾಗ ಮೈದಾನದಲ್ಲಿ ಕುಸ್ತಿಯಾಡುವುದು ಇಲ್ಲಿನ ಪ್ರತಿಯೊಬ್ಬ ಪೈಲವಾನನ ಕನಸು. ಆ ಕನಸನ್ನು ಮೀರಿ ಬೆಳೆದವರು ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದ ಶ್ರೀಪತಿ ಖಂಚನಾಳೆ. 1959ರಲ್ಲಿ ದೇಶದ ಮೊದಲ ‘ಹಿಂದ್ ಕೇಸರಿ’ ಎನಿಸಿದ ಅವರು 2020ರಲ್ಲಿ ತೀರಿಕೊಂಡರು. ಅದೇ ಎಕ್ಸಂಬಾಕ್ಕೆ ಹತ್ತಿರದ ಸದಲಗಾ ಪ್ರಾಕೃತ ವಿದ್ವಾಂಸ ಆ. ನೇ. ಉಪಾಧ್ಯೆಯವರನ್ನೂ, 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರನ್ನೂ ಕೊಟ್ಟಿತು. ವೇದಗಂಗಾ–ದೂಧಗಂಗಾ ಸಂಗಮದ ಭೋಜ ಗ್ರಾಮವು ಆಚಾರ್ಯ ಶಾಂತಿಸಾಗರರನ್ನು ಕೊಟ್ಟಿತು. ಮಲ್ಲನೂ ಮುನಿಯೂ ಒಂದೇ ನದಿಯ ನೀರು ಕುಡಿದು ಬೆಳೆದ ಸೀಮೆಯಿದು.

ತಾಲೀಮಿನ ಹುಡುಗರೇ ಊರಿನ ತರುಣ ಮಂಡಳ. ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವರು ಅವರು, ಲೇಝೀಮ್ ಆಡುವವರು ಅವರು, ಕರಡಿಮಜಲಿನ ಮುಂದೆ ಕುಣಿಯುವವರು ಅವರು. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಅಟ್ಟ ಕಟ್ಟಿ ಬೆಳಗಿನವರೆಗೆ ಎಚ್ಚರಿರುವವರೂ ಅವರೇ. ಗಂಡಸು ದಿಕ್ಕಿಲ್ಲದ ಮನೆಯ ರಾಶಿ ಮಾಡಿಕೊಡುವುದು, ಬೇನೆ ಬಿದ್ದವರನ್ನು ಗಾಡಿ ಕಟ್ಟಿ ಮಿರಜಿನ ಆಸ್ಪತ್ರೆಗೆ ಮುಟ್ಟಿಸುವುದು, ಹೊಳೆ ಬಂದಾಗ ತಗ್ಗಿನ ಓಣಿಯನ್ನು ಖಾಲಿ ಮಾಡಿಸುವುದು ಅವರ ಪಾಲಿಗೆ ಬಂದ ಕೆಲಸ. ಸೇವೆ ಎಂಬ ದೊಡ್ಡ ಮಾತು ಅದಕ್ಕಿರಲಿಲ್ಲ. ಊರ ಕೆಲಸ ಎಂಬ ಹೆಸರೇ ಸಾಕಾಗಿತ್ತು.

ತಿಂಗಳಿಗೆ 11 ರೂಪಾಯಿ

ಇಂಥ ಹುಡುಗರ ಮೇಲೆ ಸೈನ್ಯದ ಕಣ್ಣು ಬೀಳದಿರುವುದು ಸಾಧ್ಯವಿರಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ತೊಡಗಿತು. ಚಿಕ್ಕೋಡಿ, ಅಥಣಿಗಳು ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ್ದು. ಭರ್ತಿಗೆ ಮಾತ್ರ ಈ ಗಡಿ ಅಡ್ಡ ಬರಲಿಲ್ಲ. ಜಿಲ್ಲೆಯಲ್ಲಿ ಸರಕಾರವೇ ಜನರನ್ನು ಕೂಡಿಸಿದರೆ, ಸಂಸ್ಥಾನದಲ್ಲಿ ಶಾಹು ಮಹಾರಾಜರು ಭರ್ತಿಗೆ ನೆರವಾದರು. ಸಿಪಾಯಿಗೆ ತಿಂಗಳ ಪಗಾರ 11 ರೂಪಾಯಿ. ಮಳೆಯನ್ನೇ ನಂಬಿದ ಅಥಣಿಯ ಕಡೆಯ ಒಕ್ಕಲಿಗೆ ಅದು ಬರ ಬಂದರೂ ತಪ್ಪದ ಬೆಳೆ.

ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳಗಳನ್ನು ಪೋಣಿಸಿ ಮಿರಜಿಗೆ ಹೋಗುವ ರೈಲು ಈ ಹುಡುಗರನ್ನು ಪುಣೆ, ಮುಂಬಯಿಗಳ ಕಡೆಗೆ ಒಯ್ದಿತು. ಅಲ್ಲಿಂದ ಹಡಗು, ಅದರಾಚೆ ಮೆಸೊಪೊಟೇಮಿಯಾ, ಎಂದರೆ ಇಂದಿನ ಇರಾಕ್. ಮರಾಠಾ ಪಲ್ಟನ್ನುಗಳು ಹೆಚ್ಚಾಗಿ ಹೋರಾಡಿದ್ದು ಅಲ್ಲಿಯೇ. ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುತ್ ಎಂಬ ಊರಿನಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ತುರ್ಕರ ಮುತ್ತಿಗೆಗೆ ಸಿಕ್ಕವು. ರೊಟ್ಟಿಗೆ ಹಿಟ್ಟು ತೀರಿತು. ಕುದುರೆಯ ಮಾಂಸ ತಿನ್ನಿರೆಂದರೆ ಭಾರತದ ಸಿಪಾಯಿಗಳಲ್ಲಿ ಅನೇಕರು ಬಹುದಿನ ಒಲ್ಲೆವೆಂದರು. 1916ರ ಏಪ್ರಿಲ್ 29ರಂದು ಕುತ್ ಶರಣಾಯಿತು. ಸೆರೆಸಿಕ್ಕವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಸಾವಿರಾರು.

ಬದುಕಿ ಬಂದವರಿಗೆ ಇನ್ನೊಂದು ಆಘಾತ ಕಾದಿತ್ತು. 1918ರ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತವೊಂದರಲ್ಲಿಯೇ 10 ಲಕ್ಷಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಗುಂಡಿನ ಬಾಯಿಂದ ಪಾರಾದವನು ಊರಿಗೆ ಬಂದು, ಬೀಗ ಬಿದ್ದ ಮನೆಯ ಮುಂದೆ ನಿಂತದ್ದೂ ಆ ಕಾಲದ ನಿಜ.

ಸತ್ತವರ ನೆನಪಿಗೆ 1929ರಲ್ಲಿ ಬಸ್ರಾದಲ್ಲಿ ದೊಡ್ಡ ಸ್ಮಾರಕವೊಂದು ಎದ್ದಿತು. ಗೋರಿಯೂ ಇಲ್ಲದೆ ಹೋದ 40,000ಕ್ಕೂ ಹೆಚ್ಚು ಯೋಧರಿಗೆ ಅದು ಮೀಸಲು. ಬ್ರಿಟಿಷ್ ಸಿಪಾಯಿಯ ಹೆಸರನ್ನು ಅಲ್ಲಿ ಕಲ್ಲಿನಲ್ಲಿ ಕೊರೆದರು. ಭಾರತದ ಅಧಿಕಾರಿಗಳ ಹೆಸರುಗಳನ್ನೂ ಕೊರೆದರು. ಭಾರತದ ಸಾಮಾನ್ಯ ಸಿಪಾಯಿಯನ್ನು ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ಬರಿಯ ಅಂಕಿಯಾಗಿ ಲೆಕ್ಕ ಹಿಡಿದರು. ನಮ್ಮ ಹಳ್ಳಿಗಳಲ್ಲಿ ಸರಕಾರ ನಿಲ್ಲಿಸಿದ ಕಲ್ಲುಗಳೂ ಇದೇ ಬಗೆಯವು: ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಮಡಿದರು. ಯಾರು ಎಂಬುದನ್ನು ಕಲ್ಲು ಹೇಳುವುದಿಲ್ಲ.

ಅದನ್ನು ಹೇಳುತ್ತಿದ್ದುದು ಗರಡಿಯ ಕಟ್ಟೆ. ಇಂಥವನ ಮುತ್ತ್ಯಾ ಪಲ್ಟನ್ನಿಗೆ ಹೋಗಿದ್ದ, ಇಂಥವನ ಪಟ್ಟು ಯಾರಿಗೂ ಬಿಡುತ್ತಿರಲಿಲ್ಲ, ಅವನು ತಿರುಗಿ ಬರಲಿಲ್ಲ ಎಂದು ವಸ್ತಾದನು ಹುಡುಗರಿಗೆ ಹೇಳುವ ಮಾತಿನಲ್ಲಿ ಆ ಹೆಸರುಗಳು ಉಳಿದವು. ‘ಹವಾಲ್ದಾರರ ಮನಿ’, ‘ಸುಬೇದಾರರ ಓಣಿ’ ಎಂಬಂಥ ಕರೆಯುವ ಹೆಸರುಗಳಲ್ಲಿ ಉಳಿದವು. ಕಾಗವಾಡ ತಾಲ್ಲೂಕಿನ ಜುಗೂಳದ ದಂಡೆಯಲ್ಲಿ ನಿಂತರೆ ಹೊಳೆಯಾಚೆ ಖಿದ್ರಾಪುರದ ಕೋಪೇಶ್ವರ ದೇಗುಲ ಕಾಣುತ್ತದೆ. ಆ ಬದಿಯ ಟಾಕಳಿ ಎಂಬ ಹಳ್ಳಿ ಮಹಾರಾಷ್ಟ್ರಕ್ಕೆ ಸೇರಿದ್ದು. ತಲೆಮಾರುಗಳಿಂದ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಆ ಊರನ್ನು ಜನ ‘ಸೈನಿಕ ಟಾಕಳಿ’ ಎಂದೇ ಕರೆಯುತ್ತಾರೆ. ಅಲ್ಲಿ ಊರಿಗೆ ಊರೇ ಸ್ಮಾರಕವಾಗಿದೆ.

ನಿಪ್ಪಾಣಿಯ ಸಭೆ, ಬೆಳಗಾವಿಯ ಪಡೆ

ಗರಡಿಯ ಮಣ್ಣು ಎಲ್ಲರನ್ನೂ ಸಮನಾಗಿ ಕಾಣುತ್ತಿತ್ತೆಂದು ಹೇಳಿದರೆ ಅದು ಸತ್ಯವಾಗದು. ದಲಿತ ಕೇರಿಯ ಹುಡುಗನಿಗೆ ಎಷ್ಟೋ ಊರುಗಳಲ್ಲಿ ಆ ಗಿಡ್ಡ ಬಾಗಿಲೂ ತೆರೆದಿರಲಿಲ್ಲ. ಸೈನ್ಯದ ಬಾಗಿಲೂ ಹಾಗೆಯೇ. ಹಳೆಯ ಮುಂಬಯಿ ಸೈನ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದ ಮಹಾರರ ಭರ್ತಿಯನ್ನು 19ನೆಯ ಶತಮಾನದ ಕೊನೆಗೆ ಬ್ರಿಟಿಷರು ನಿಲ್ಲಿಸಿಬಿಟ್ಟರು. ಯುದ್ಧದ ಒತ್ತಡದಲ್ಲಿ, 1917ರಲ್ಲಿ, 111ನೆಯ ಮಹಾರ ಪಲ್ಟನ್ ಕಟ್ಟಿದರು. ಯುದ್ಧ ಮುಗಿದ ಮೇಲೆ, 1921ರಲ್ಲಿ, ಅದನ್ನೂ ಮುರಿದರು.

ಸುಬೇದಾರ ರಾಮಜಿಯವರ ಮಗ ಡಾ. ಅಂಬೇಡ್ಕರರು 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಗೆ ಬಂದರು. ಮುಂಬಯಿ ಪ್ರಾಂತದ ದಲಿತರ ಪರಿಷತ್ತು ಅಲ್ಲಿ ಸೇರಿತ್ತು. ಸೈನಿಕನ ಮನೆಯಲ್ಲಿ ಹುಟ್ಟಿದ ಅವರಿಗೆ ಸಮವಸ್ತ್ರವು ಬರಿಯ ಹೊಟ್ಟೆಪಾಡಲ್ಲ, ಅದೊಂದು ಮಾನ ಎಂಬುದು ಚೆನ್ನಾಗಿ ಗೊತ್ತಿತ್ತು. 1941ರಲ್ಲಿ ವೈಸ್‌ರಾಯರ ರಕ್ಷಣಾ ಸಲಹಾ ಸಮಿತಿಗೆ ಸೇರಿದ ಅವರು ಈ ಬೇಡಿಕೆಯನ್ನು ಒತ್ತಿ ಮಂಡಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮಹಾರ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಹುಟ್ಟಿದ ಊರು ಬೆಳಗಾವಿ. ಊರಿನ ಬಾವಿಯಲ್ಲಿ ನೀರು ಸೇದಲು ಬಿಡದವರ ಎದುರಿಗೆ ಬೂಟು ತೊಟ್ಟು ನಡೆದು ಬಂದವನ ಕೇರಿಗೆ ಆ ದಿನ ಎಂಥದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅದೇ ಮಳೆಗಾಲ

ಎರಡನೆಯ ಮಹಾಯುದ್ಧದ ಹೊತ್ತಿಗೆ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಯೂರಿತ್ತು. ಈ ದಳದ ಸಿಪಾಯಿಗೆ ಸೈನ್ಯದಲ್ಲಿ ‘ಗಣಪತ್’ ಎಂಬ ಮುದ್ದಿನ ಹೆಸರು. 1941ರಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ, 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ದಿಬ್ಬದಲ್ಲಿ, 1943ರಿಂದ 1945ರವರೆಗೆ ಇಟಲಿಯ ನದಿಗಳ ದಂಡೆಗಳಲ್ಲಿ ಅವರು ಹೋರಾಡಿದರು. 1942ರ ಜೂನ್ 21ರಂದು ಆಫ್ರಿಕದ ತೊಬ್ರುಕ್ ಬಿದ್ದಾಗ ದಳದ ಎರಡನೆಯ ಬೆಟಾಲಿಯನ್ನು ಸೆರೆಸಿಕ್ಕಿತು.

ಅದೇ ಮಳೆಗಾಲದಲ್ಲಿ, ಆಗಸ್ಟ್ 8ರಂದು, ಮುಂಬಯಿಯಲ್ಲಿ ‘ಚಲೇಜಾವ್’ ನಿರ್ಣಯವಾಯಿತು. ಬೆಳಗಾವಿ ಜಿಲ್ಲೆ ಹೊತ್ತಿಕೊಂಡಿತು. ತಂತಿಗಳು ಕಡಿದುಬಿದ್ದವು, ಚಾವಡಿಯ ದಫ್ತರಗಳು ಸುಟ್ಟವು. ಈ ಕೆಲಸಕ್ಕೆ ಇಳಿದವರೂ ತರುಣರೇ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಡಾ. ನಾ. ಸು. ಹರ್ಡೀಕರರ ಸೇವಾದಳ ತೋರಿಸಿಕೊಟ್ಟ ಶಿಸ್ತು ಈ ಕಡೆಯ ಯುವಕರ ಕಣ್ಣಮುಂದಿತ್ತು. ಹೀಗೆ ಒಂದೇ ತಾಲೀಮಿನಲ್ಲಿ ಮೈಗೆ ಮಣ್ಣು ಬಳಿದುಕೊಂಡ ಹುಡುಗರಲ್ಲಿ ಒಬ್ಬನು ಸಾಮ್ರಾಟರ ಸಮವಸ್ತ್ರದಲ್ಲಿ ಬರ್ಮಾದ ಗಡಿಗೂ, ಇನ್ನೊಬ್ಬನು ಸಾಮ್ರಾಟರ ಕೈದಿಯಾಗಿ ಹಿಂಡಲಗಿಯ ಜೈಲಿಗೂ ಹೋಗುವ ಕಾಲ ಅದು.

ಇಬ್ಬರಲ್ಲಿ ಯಾರದು ಸರಿ? ಈ ಪ್ರಶ್ನೆಯನ್ನು ಪಟ್ಟಣಗಳು ಕೇಳಿದಷ್ಟು ಗಟ್ಟಿಯಾಗಿ ಹಳ್ಳಿಗಳು ಕೇಳಲಿಲ್ಲ. ಒಬ್ಬನು ಮನೆಯ ಸಾಲಕ್ಕಾಗಿ ಹೋದ, ಒಬ್ಬನು ದೇಶದ ಋಣಕ್ಕಾಗಿ ಹೋದ. ಎರಡೂ ಮನೆಗಳ ಹೊಲ ಬಿತ್ತದೆ ಬೀಳಬಾರದು ಎಂಬುದು ಹಳ್ಳಿಯ ತೀರ್ಪು. ಸ್ವಾತಂತ್ರ್ಯ ಬಂದ ಮೇಲೆ ಹೋರಾಟಗಾರನಿಗೆ ಮಾನಪತ್ರ ದೊರೆಯಿತು, ಅದು ನ್ಯಾಯವೇ. ಪರರ ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದವನು ಮಾತ್ರ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತನು. ಅವನ ಕಥೆ ಕೇಳಲು ಉಳಿದದ್ದು ಮತ್ತೆ ಗರಡಿಯ ಕಟ್ಟೆಯೇ.

ಕಾದವರು

ಹೋದವರ ಲೆಕ್ಕವುಂಟು, ಕಾದವರ ಲೆಕ್ಕವಿಲ್ಲ. ತಿಂಗಳಿಗೊಮ್ಮೆ ಮನಿಆರ್ಡರ್ ತರುವ ಅಂಚೆಯವನ ಹಾದಿಯನ್ನು ಮನೆಮಂದಿ ಕಾಯುತ್ತಿದ್ದರು. ಕಾಗದ ಬಂದರೆ ಶಾಲೆಯ ಮಾಸ್ತರರು ಓದಿ ಹೇಳಬೇಕು, ಉತ್ತರವನ್ನೂ ಅವರೇ ಬರೆಯಬೇಕು. ಹೆಂಡತಿಗೆ ಗಂಡನೊಡನೆ ಆಡಬೇಕಾದ ಮಾತು ಮೂರನೆಯವರ ಬಾಯಿಂದ ಹಾಯ್ದು ಹೋಗುವಾಗ ಅದರಲ್ಲಿ ಉಳಿಯುತ್ತಿದ್ದುದು ಎಮ್ಮೆ ಈದ ಸುದ್ದಿ, ಮಳೆ ಬಂದ ಸುದ್ದಿ ಮಾತ್ರ. ತಾರು ಬಂತೆಂದರೆ ಓದುವ ಮೊದಲೇ ಓಣಿಯಲ್ಲಿ ಅಳು ಏಳುತ್ತಿತ್ತು.

ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆ ನೆರೆಯುತ್ತದೆ. ಎತ್ತಿನ ಗಾಡಿಗಳು ಬರುತ್ತವೆ, ಆಕಾಶವೇ ಹಳದಿಯಾಗುವಂತೆ ಭಂಡಾರ ಹಾರುತ್ತದೆ. ಮಗನು ಕ್ಷೇಮವಾಗಿ ಬಂದರೆ ಬರಿಗಾಲಲ್ಲಿ ನಡೆದು ಬರುವೆನೆಂದು ತಾಯಂದಿರು ಹರಕೆ ಹೊರುವ ದೇವಿ ಆಕೆ. ಜಾತ್ರೆಗೆ ಹೋದ ಪ್ರವಾಸಿ ಆ ಹಳದಿಯ ನಡುವೆ ನಡೆದುಬರುವ ಹೆಂಗಸರ ಕಾಲುಗಳನ್ನೂ ಒಮ್ಮೆ ನೋಡಬೇಕು.

ಇಂದಿನ ನಸುಕು

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ರಾಯಬಾಗವು 1949ರಲ್ಲಿ ಕೊಲ್ಲಾಪುರ ಸಂಸ್ಥಾನ ವಿಲೀನವಾದ ಮೇಲೆ ಅದಾಗಲೇ ಜಿಲ್ಲೆಯೊಳಗೆ ಬಂದಿತ್ತು. ರಾಜ್ಯ ಬದಲಾಯಿತು, ಪಲ್ಟನ್ನಿನ ದಾರಿ ಬದಲಾಗಲಿಲ್ಲ. 1962, 1965, 1971ರ ಯುದ್ಧಗಳ ಕಾಲಕ್ಕೂ ಕಾಗದಗಳು ಬಂದವು, ತಾರುಗಳೂ ಬಂದವು.

ಇಂದು ನಸುಕಿನಲ್ಲಿ ಚಿಕ್ಕೋಡಿಯ ರಸ್ತೆಗಳಲ್ಲಿ ಹುಡುಗರು ಓಡುತ್ತಾರೆ. ಭರ್ತಿಗೆ 1,600 ಮೀಟರ್ ಓಟ ಗೆಲ್ಲಬೇಕು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನೂರಕ್ಕೆ 25 ಜನರವರೆಗೆ ಮಾತ್ರ ಮುಂದುವರಿಯಲು ಅವಕಾಶ. ಪೆನ್ಶನ್ನನ್ನೇ ಎರಡನೆಯ ಬೆಳೆಯೆಂದು ಎಣಿಸಿದ ಮನೆಗಳಲ್ಲಿ ಈಗ ಬೇರೆ ಲೆಕ್ಕಾಚಾರ ನಡೆದಿದೆ. ಆದರೂ ಹುಡುಗರು ಓಡುತ್ತಾರೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಟ್ಟಿಗೆ ಉಕ್ಕಿ ಈ ಐದೂ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ಸೈನ್ಯದ ದೋಣಿಗಳು ಬಂದವು. ಯಾವ ಓಣಿಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ಯಾವ ಹಿತ್ತಿಲಲ್ಲಿ ಬಾವಿ ಬಾಯ್ದೆರೆದಿದೆ ಎಂಬುದನ್ನು ಬಲ್ಲವರು ಊರಿನ ತರುಣರು. ಹಳೆಯ ‘ಊರ ಕೆಲಸ’ ಮರೆತುಹೋಗಿಲ್ಲವೆಂಬುದಕ್ಕೆ ಆ ಮಳೆಗಾಲವೇ ಸಾಕ್ಷಿ.

ಆದರೆ ಗರಡಿಯ ಕಟ್ಟೆಯ ಮೇಲೆ ಕುಳಿತು ಹೆಸರು ಹೇಳುತ್ತಿದ್ದವರು ಕಡಿಮೆಯಾಗುತ್ತಿದ್ದಾರೆ. ಕುತ್‌ಗೆ ಹೋದವರ ಮಕ್ಕಳೂ ಈಗ ಹೆಚ್ಚಾಗಿ ಇಲ್ಲ. ಇಟಲಿಗೆ, ಬರ್ಮಾಕ್ಕೆ ಹೋದವರ ಮಕ್ಕಳು ಮುಪ್ಪಿನಲ್ಲಿದ್ದಾರೆ. ಟ್ರಂಕಿನ ತಳದಲ್ಲಿರುವ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಕೊರೆದಿರುವುದುಂಟು. ಬಸ್ರಾದ ಕಲ್ಲು ಹೇಳದ ಹೆಸರನ್ನು ಒಂದು ರೂಪಾಯಿಯಗಲದ ಆ ಬೆಳ್ಳಿ ಹೇಳಬಲ್ಲದು. ಊರೂರಿನ ತರುಣ ಮಂಡಳದವರು ಗಣೇಶನ ಪಟ್ಟಿಗೆ ಮನೆಮನೆಗೆ ಹೋಗುವವರೇ. ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ, ಈ ಮನೆಯಿಂದ ಯಾರು ಹೋದರು, ಎಲ್ಲಿಗೆ ಹೋದರು, ಬಂದರೋ ಇಲ್ಲವೋ ಎಂದು ಒಂದೊಂದು ಸಾಲು ಬರೆದುಕೊಂಡರೆ, ಆ ಹೆಸರುಗಳು ಊರಿನಲ್ಲಿ ಉಳಿದಾವು.