ಟುಲುಂ ಪಟ್ಟಣದಲ್ಲಿ ಒಂದು ಹಗಲು

ನಮ್ಮ ವಿಹಾರನೌಕೆಯು ಮೆಕ್ಸಿಕೋ ದೇಶದ ಕೋಸುಮೆಲ್ ದ್ವೀಪದಲ್ಲಿ ಲಂಗರು ಹಾಕಿದಾಗ ಬೆಳಗ್ಗೆ ಏಳು ಗಂಟೆ. ಸಂಜೆ ಐದಕ್ಕೆ ಹಡಗು ಹೊರಡತಕ್ಕದ್ದು; ತಡವಾಗಿ ಬಂದವರಿಗಾಗಿ ಕಾಯುವುದಿಲ್ಲವೆಂದು ಮೊದಲೇ ಎಚ್ಚರಿಸಿದ್ದರು. ಆದರೂ ಮಾಯಾ ಜನರ ಪ್ರಾಚೀನ ಪಟ್ಟಣವೊಂದನ್ನು ನೋಡದೆ ಮುಂದೆ ಹೋಗಲು ನಮಗೆ ಮನಸ್ಸೊಪ್ಪಲಿಲ್ಲ. ಯಂತ್ರದೋಣಿಯಲ್ಲಿ ಮುಕ್ಕಾಲು ಗಂಟೆ ಜಲಸಂಧಿಯನ್ನು ದಾಟಿ, ಮೋಟಾರು ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರು ದಕ್ಷಿಣಕ್ಕೆ ಪಯಣಿಸಿ ಟುಲುಂ ಸೇರಿದೆವು.

ಟುಲುಂ ಎಂದರೆ ಆ ಜನರ ಭಾಷೆಯಲ್ಲಿ ಗೋಡೆ. ಹೆಸರು ಅನ್ವರ್ಥವಾದುದೇ. ಮೂರು ಕಡೆ ದಪ್ಪನೆಯ ಕಲ್ಲುಗೋಡೆ, ಅದರಲ್ಲಿ ಇಕ್ಕಟ್ಟಾದ ಐದೇ ಬಾಗಿಲುಗಳು. ಪೂರ್ವಕ್ಕೆ ಸುಮಾರು 12 ಮೀಟರು ಎತ್ತರದ ಕಡಿದಾದ ಬಂಡೆ, ಅದರ ಬುಡದಲ್ಲಿ ಹಸುರುನೀಲಿಯ ಕರೀಬಿಯನ್ ಸಮುದ್ರ. 13ರಿಂದ 15ನೆಯ ಶತಮಾನದವರೆಗೆ ಇದು ಏಳಿಗೆಯಲ್ಲಿದ್ದ ರೇವುಪಟ್ಟಣ. ಉಪ್ಪು, ಹತ್ತಿಬಟ್ಟೆ, ಜೇನು ಮೊದಲಾದ ಸರಕು ಇಲ್ಲಿ ದೋಣಿಗಳಲ್ಲಿ ಬಂದು ಹೋಗುತ್ತಿದ್ದಿತು. ಬಂಡೆಯ ತುದಿಯಲ್ಲಿರುವ ದೊಡ್ಡ ಕಟ್ಟಡದ ಮೆಟ್ಟಲುಗಳನ್ನು ಈಗ ಯಾರೂ ಹತ್ತಕೂಡದು. ಮತ್ತೊಂದು ಗುಡಿಯ ಬಾಗಿಲ ಮೇಲೆ ತಲೆಕೆಳಗಾಗಿ ಇಳಿದುಬರುತ್ತಿರುವ ದೇವತೆಯ ಗಾರೆಯ ಮೂರ್ತಿಯುಂಟು. ಉಡದಂತಹ ಇಗ್ವಾನಾ ಪ್ರಾಣಿಗಳು ಗೋಡೆಯ ಮೇಲೆ ಬಿಸಿಲು ಕಾಯುತ್ತಿದ್ದುವು. ಸ್ಪೇನಿನವರು ಬಂದ ಮೇಲೆ ಸಿಡುಬು ಮೊದಲಾದ ರೋಗಗಳು ಹರಡಿ, 16ನೆಯ ಶತಮಾನದ ಕೊನೆಯ ವೇಳೆಗೆ ಊರು ಬರಿದಾಯಿತು.

ಮಾಯಾ ಎಂಬ ಹೆಸರು ನಮ್ಮ ಕಿವಿಗೆ ಕೇಳಿಸುವಂತೆಯೇ, ಅವರು ಮಾಯವಾಗಿ ಹೋದ ಜನರೆಂದು ನಾವು ನಂಬಿದ್ದೆವು. ಆದುದರಿಂದಲೇ ಮಾರ್ಗದರ್ಶಿಯನ್ನು, “ಈ ಜನರು ನಾಶವಾದುದು ಯಾವಾಗ?” ಎಂದು ಕೇಳಿಬಿಟ್ಟೆವು. ಆತನು ನಸುನಕ್ಕು, “ಸ್ವಾಮಿ, ಈ ಬೆಳಗ್ಗೆ ನಾನು ಮನೆಯಿಂದ ಹೊರಡುವಾಗ ನಮ್ಮ ತಾಯಿ ಮಾಯಾ ಭಾಷೆಯಲ್ಲೇ ಬುದ್ಧಿ ಹೇಳಿ ಕಳುಹಿಸಿದರು,” ಎಂದನು. ನಮಗೆ ನಾಚಿಕೆಯಾಯಿತು. 2020ರ ಜನಗಣತಿಯಂತೆ ಆ ಭಾಷೆಯನ್ನಾಡುವವರು ಮೆಕ್ಸಿಕೋದಲ್ಲಿ 7,70,000ಕ್ಕೂ ಹೆಚ್ಚು.

ಜೊತೆಗಿದ್ದ ನಮ್ಮ ಅತ್ತಿಗೆಯವರು ಆತನ ತಾಯಿಯ ಅಡುಗೆಯನ್ನು ವಿಚಾರಿಸಿದರು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಯಿಟ್ಟು, ತೊಳೆದು, ರುಬ್ಬಿ ರೊಟ್ಟಿ ತಟ್ಟುವರಂತೆ. “ಸುಣ್ಣ ನಮಗೆ ವೀಳೆಯಕ್ಕಾಯಿತು, ಇವರಿಗೆ ರೊಟ್ಟಿಗೆ!” ಎಂದು ಅತ್ತಿಗೆಯವರು ಬೆರಗಾದರು. ಸುಣ್ಣದಿಂದ ಕಾಳಿನ ಸಿಪ್ಪೆ ಸಡಿಲುವುದಲ್ಲದೆ, ಅದರಲ್ಲಿ ಅಡಗಿರುವ ಜೀವಸತ್ವವೂ ದೇಹಕ್ಕೆ ದಕ್ಕುವುದು. ಆ ಗೋಡೆಗಳನ್ನು ಕಟ್ಟಿದವರ ಮನೆಗಳಲ್ಲೂ ಹೀಗೆಯೇ ಜೋಳ ನೆನೆಯುತ್ತಿದ್ದಿತು.

ಅಷ್ಟರಲ್ಲಿ ಬಸ್ಸಿನವನು ಅವಸರಪಡಿಸಿದನು. ಹಡಗನ್ನೇರಿದಾಗ ಇನ್ನು ಇಪ್ಪತ್ತೇ ನಿಮಿಷ ಉಳಿದಿದ್ದುವು. ಟುಲುಮಿನಲ್ಲಿ ನಮಗೆ ದೊರೆತ ಹೊತ್ತಿನ ಬಹುಭಾಗವನ್ನು ಕಲ್ಲುಗಳ ಮುಂದೆ ಕಳೆದಿದ್ದೆವು. ಆತನೊಡನೆ ಆಡಿದುದು ನಾಲ್ಕೇ ಮಾತು. ಅಲ್ಲಿಗೆ ಹೋಗುವ ವಾಚಕರು ಮೊದಲು ಮನುಷ್ಯರನ್ನು ಮಾತನಾಡಿಸಿ, ಆಮೇಲೆ ಕಲ್ಲುಗಳನ್ನು ನೋಡುವುದು ಲೇಸು.