ಸೀಟಿ ಕಲಿಸಿದ ಪಾಠ

ಐವತ್ತು ದಾಟಿದ ಮೇಲೆ ಹೊಸ ವಿದ್ಯೆ ಕಲಿಯಲು ಹೊರಟವರನ್ನು ಕಂಡು ನಗುವುದು ಲೋಕರೂಢಿ. ನಾವು ಕೊರಳಿಗೆ ಸೀಟಿ ಕಟ್ಟಿಕೊಂಡು ಬೀದಿ ಬಾಸ್ಕೆಟ್‌ಬಾಲಿನ ರೆಫರಿಯಾಗಲು ಹೊರಟಾಗ ಮೊದಲು ನಕ್ಕವರು ನಮ್ಮ ಮನೆಯವರೇ. “ಮನೆಯಲ್ಲಿ ನಿಮ್ಮ ಮಾತು ಯಾರೂ ಕೇಳುವುದಿಲ್ಲವೆಂದು ಬೀದಿಗೆ ಹೊರಟಿರಾ?” ಎಂದರು. ಮಾತಿನಲ್ಲಿ ಸತ್ಯಾಂಶವಿದ್ದುದರಿಂದ ನಾವು ಸುಮ್ಮನಾದೆವು.

ನಾವಿರುವುದು ನಾಸಿಕದಲ್ಲಿ. ಸಮೀಪದ ಓಝರಿನಲ್ಲಿ 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್‌ನವರು ಮಿಗ್ ವಿಮಾನಗಳಿಗಾಗಿ ಕಾರ್ಖಾನೆ ತೆರೆದರೆಂಬುದನ್ನು ಓದುಗರು ಬಲ್ಲರು. ನಮ್ಮನ್ನು ಬೆಂಗಳೂರಿನಿಂದ ಇಲ್ಲಿಗೆ ತಂದು ಬಿಟ್ಟದ್ದು ಅನ್ನದ ಋಣ. ಹುಡುಗತನದಲ್ಲಿ ಮಲ್ಲೇಶ್ವರದಲ್ಲಿ ಆಡಿದ ಚೆಂಡಿನ ಋಣ ಮಾತ್ರ ತೀರಿರಲಿಲ್ಲ.

ಈ ಬೀದಿ ಆಟಕ್ಕೆ ಈಗ ದೊಡ್ಡ ಮರ್ಯಾದೆ ಬಂದಿದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲೇ ಇದು ಸೇರಿತು. ಮೂವರ ಮೇಲೆ ಮೂವರು, ಅರ್ಧ ಅಂಗಳ, ಒಂದೇ ಬುಟ್ಟಿ. ಅವಧಿ ಹತ್ತೇ ನಿಮಿಷ. ಅದಕ್ಕೆ ಮೊದಲೇ 21 ಅಂಕ ಮುಟ್ಟಿದವರು ಗೆದ್ದಂತೆ. ಚೆಂಡು ಕೈಗೆ ಬಂದ 12 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. 6.75 ಮೀಟರ್ ದೂರದ ಕಮಾನು ಗೆರೆಯ ಒಳಗಿನಿಂದ ಹಾಕಿದರೆ ಒಂದಂಕ, ಹೊರಗಿನಿಂದ ಎರಡು. ಕಾಲು ಗೆರೆಯನ್ನು ತುಳಿದಿದ್ದರೂ ಒಂದೇ.

ಪುಸ್ತಕದಲ್ಲಿ ಇದೆಲ್ಲ ಸುಲಭ. ಅಂಗಳದಲ್ಲಿ ನಿಂತಾಗಲೇ ಕಷ್ಟ. ದೊಡ್ಡ ಆಟದಲ್ಲಿ ಬುಟ್ಟಿ ಬಿದ್ದ ಮೇಲೆ ಕೊಂಚ ಉಸಿರಾಡಲು ಸಮಯವುಂಟು. ಇಲ್ಲಿ ಬಿದ್ದ ಚೆಂಡನ್ನು ಎದುರಾಳಿ ಆಗಲೇ ಎತ್ತಿಕೊಂಡು ಗೆರೆಯಾಚೆಗೆ ಓಡಿರುತ್ತಾನೆ. ನಮಗೆ ಕಲಿಸಿದ ಮರಾಠಿ ಮಿತ್ರರು ದಿನವೂ ಒಂದೇ ಮಾತು ಹೇಳುತ್ತಿದ್ದರು: “ಚೆಂಡನ್ನು ಊರೆಲ್ಲ ನೋಡುತ್ತದೆ, ನೀವು ಕಾಲು ನೋಡಿ.” ಈ ತತ್ತ್ವ ಹಳೆಯದು. 1891ರಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ನೈಸ್ಮಿತ್ ಎಂಬ ಉಪಾಧ್ಯಾಯರು ಈ ಆಟವನ್ನು ಕಟ್ಟಿದಾಗ, ಬರೆದ ಹದಿಮೂರು ನಿಯಮಗಳಲ್ಲೇ ಇಬ್ಬರು ತೀರ್ಪುಗಾರರನ್ನು ಇಟ್ಟರು. ಒಬ್ಬನು ಚೆಂಡನ್ನು ನೋಡತಕ್ಕದ್ದು, ಇನ್ನೊಬ್ಬನು ಆಳುಗಳನ್ನು. ಒಬ್ಬನ ಕಣ್ಣಿಗೆ ಎಲ್ಲವೂ ಕಾಣದು ಎಂಬುದನ್ನು ಆ ಪುಣ್ಯಾತ್ಮರು ಮೊದಲೇ ಅರಿತಿದ್ದರು.

ಒಂದು ಶನಿವಾರ ಛತ್ರಪತಿ ಸಂಭಾಜಿನಗರದಲ್ಲಿ ಪಂದ್ಯಗಳಿದ್ದವು. ಔರಂಗಾಬಾದಿಗೆ 2023ರಲ್ಲಿ ಬಂದ ಹೆಸರಿದು. ಬೆಳಿಗ್ಗೆ ಮನೆಯವರೊಡನೆ ನಾಸಿಕ್ ರೋಡಿನಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿದೆವು. ಮನಮಾಡ ದಾಟಿದರೆ ಅಂಕಾಯಿ–ಟಂಕಾಯಿಯ ಜೋಡಿ ಕೋಟೆ. ಮುಂದೆ ದೇವಗಿರಿಯ ಬೆಟ್ಟ. ಈ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ತಾಲೂಕೇ ಇದೆ. ಅಲ್ಲಿಯ ವ್ಯವಹಾರವೆಲ್ಲ ಮರಾಠಿ! ನಾವು ಇಳಿದುಕೊಂಡದ್ದು ಸೇಡಂ ಕಡೆಯ ಕನ್ನಡಿಗರ ಮನೆಯಲ್ಲಿ. ಅವರ ಮಗನೂ ಅಂದಿನ ಆಟಗಾರನೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಸಂಘಟಕರಿಗೆ ಸಂಗತಿ ತಿಳಿಸಿದೆವು. ಬೇರೆ ರೆಫರಿ ಇರಲಿಲ್ಲವಾಗಿ, ಎರಡು ತಂಡಗಳೂ ಒಪ್ಪಿದ ಮೇಲೆ ಸೀಟಿ ಹಿಡಿದೆವು.

ಸಂಜೆ ದೀಪದ ಬೆಳಕು. ರಾಜ್ಯಮಟ್ಟದಲ್ಲಿ ಆಡಿದ ಹುಡುಗರು. ಅಂಕ 19–19. ಉಳಿದದ್ದು ಅರ್ಧ ನಿಮಿಷ. ನಮ್ಮ ಆತಿಥೇಯರ ಮಗ ಕಮಾನಿನ ಬಳಿ ನೆಗೆದು ಎಸೆದ. ಚೆಂಡು ಬಳೆಯನ್ನೂ ಮುಟ್ಟದೆ ಇಳಿಯಿತು. ನಾವು ಎರಡು ಬೆರಳೆತ್ತಿ ಸೀಟಿ ಊದಿದೆವು. 21! ಹುಡುಗರು ಕುಣಿದರು, ತಂದೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಗ ಜೊತೆಯ ರೆಫರಿ ಬಳಿ ಬಂದು ಮೆಲ್ಲಗೆ ಕೇಳಿದರು: “ಕಾಲು ನೋಡಿದಿರಾ?”

ನಾವು ನೋಡಿರಲಿಲ್ಲ. ಚೆಂಡನ್ನು ನೋಡಿದ್ದೆವು, ಅದರಲ್ಲೂ ನಮ್ಮವನ ಚೆಂಡೆಂದು ಆಸೆಯಿಂದ ನೋಡಿದ್ದೆವು. ಎಡಗಾಲಿನ ಬೆರಳು ಗೆರೆಯ ಮೇಲಿತ್ತೆಂದು ಅವರು ಸ್ಪಷ್ಟವಾಗಿ ಕಂಡಿದ್ದರು. ಅಷ್ಟು ಜನರೆದುರು ಎತ್ತಿದ ಎರಡು ಬೆರಳನ್ನು ಒಂದಾಗಿಸುವುದಕ್ಕಿಂತ ಭಾರವಾದ ಕೆಲಸವನ್ನು ನಾವು ಮಾಡಿಲ್ಲ. ಅಂಕ 20–19 ಎಂದು ಸಾರಿದೆವು. ಆಟ ಮತ್ತೆ ಆರಂಭವಾಯಿತು. ಎದುರಿನವರು ಹೊರಗಿನಿಂದ ಎರಡಂಕ ಹಾಕಿ ಗೆದ್ದರು.

“ಕೊಟ್ಟದ್ದು ಕಸ್ಕೊಂಡ್ರಲ್ಲರೀ!” ಎಂದರು ತಂದೆಯವರು. ಅಷ್ಟೇ. ಮನೆಯವರೆಗೆ ಮತ್ತೊಂದು ಮಾತಿಲ್ಲ. ರಾತ್ರಿಯೇ ಬಸ್ಸು ಹಿಡಿದು ಹೋಗಿಬಿಡೋಣವೇ ಎಂದು ನಮ್ಮ ಮನೆಯವರನ್ನು ಕೇಳಿದೆವು. “ತಪ್ಪು ಮಾಡಿದ್ದು ನಿಮ್ಮ ಮೊದಲನೆಯ ಸೀಟಿ. ಎರಡನೆಯದಕ್ಕೆ ಓಡಿಹೋಗುವುದೇಕೆ?” ಎಂದರು ಅವರು. ಅಷ್ಟರಲ್ಲಿ ಒಳಗಿನಿಂದ ಆ ತಾಯಿಯ ಧ್ವನಿ: “ಕೈ ತೊಳಕೋರಿ, ರೊಟ್ಟಿ ಆರತಾವ.” ಊಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಾತಷ್ಟೇ ಕಡಿಮೆ. ನಾವೇ ಬಾಯಿಬಿಟ್ಟು, ಮೊದಲು ತಪ್ಪಿದವರು ನಾವೆಂದೂ, ಹುಡುಗನಿಗೆ ಸುಳ್ಳು ಸಂತೋಷ ಕೊಟ್ಟದ್ದು ನಮ್ಮ ಅಪರಾಧವೆಂದೂ ಹೇಳಿದೆವು. ತಂದೆಯವರು ತಲೆದೂಗಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಅವರೇ ಎಲ್ಲೋರಕ್ಕೆ ಕರೆದೊಯ್ದರು. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ. ಮುಂದೆ ಆ ವಂಶದ ರಾಜಧಾನಿಯಾದ ಮಳಖೇಡ ಸೇಡಂ ತಾಲೂಕಿನದೇ ಆದ್ದರಿಂದ ನಮ್ಮ ಆತಿಥೇಯರಿಗೆ ಅದು ಮನೆಯ ಸಂಗತಿ. ಅವರ ಮಾತು ಮರಳಿ ಬಂದದ್ದು ಅಲ್ಲೇ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದ ಗುಡಿಯದು. “ಒಂದೇಟು ತಪ್ಪಿದ್ದರೆ ಕಲ್ಲು ಮತ್ತೆ ಅಂಟಿಸಲಿಕ್ಕೆ ಬರತಿದ್ದಿಲ್ಲ ನೋಡ್ರಿ,” ಎಂದು ತಡೆದು, ನಮ್ಮತ್ತ ನೋಡಿ ನಕ್ಕರು. “ನಿಮ್ಮ ಸೀಟಿಗೆ ಆ ಅನುಕೂಲ ಅದ.”

ಸಂಜೆ ಹೊರಡುವಾಗ ಆ ತಾಯಿ ಶೇಂಗಾ ಚಟ್ನಿಪುಡಿಯ ಪೊಟ್ಟಣ ಕಟ್ಟಿಕೊಟ್ಟರು. ಮನೆಯ ಮುಂದಿನ ಓಣಿಯಲ್ಲಿ ಹುಡುಗ ಸೀಮೆಸುಣ್ಣದಿಂದ ಕಮಾನು ಗೆರೆ ಎಳೆದು, ಅದರಿಂದ ಒಂದು ಗೇಣು ಹಿಂದೆ ನಿಂತು ನೆಗೆಯುತ್ತಿದ್ದ. ಚೆಂಡು ಎತ್ತ ಹೋಯಿತೋ ಕಾಣೆವು. ಈ ಸಲ ನಾವು ಅವನ ಕಾಲನ್ನೇ ನೋಡಿದೆವು.