ಎರಡು ಕಡಲುಗಳ ನಡುವೆ ಅಕ್ಕತಂಗಿಯರು

2016ನೆಯ ಇಸವಿಯ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಿಂದ ಮಹಿಳೆಯರ ದೊಡ್ಡ ತಂಡವೊಂದು ಮೋಟಾರ್ ಸೈಕಲ್ಲುಗಳನ್ನೇರಿ ಹೊರಟಿತು. ಅಮೆರಿಕಾ ಖಂಡವನ್ನು ಅಡ್ಡಲಾಗಿ ದಾಟಿ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಸೇರುವುದು ಅವರ ಗುರಿ. ಸುಮಾರು ಮೂರು ವಾರಗಳ ಪಯಣ. ನುಣುಪಾದ ಹೆದ್ದಾರಿ, ಊರೂರಿಗೂ ಪೆಟ್ರೋಲು. ಇದರಲ್ಲಿ ಸಾಹಸವೇನು ಬಂತು ಎಂದು ವಾಚಕರು ಕೇಳಬಹುದು. ಸರಿಯಾಗಿ ನೂರು ವರ್ಷಗಳ ಹಿಂದೆ ಅದೇ ಬ್ರೂಕ್ಲಿನ್ನಿನಿಂದ ಹೊರಟಿದ್ದ ಇಬ್ಬರು ಸೋದರಿಯರ ನೆನಪಿಗಾಗಿ ಏರ್ಪಟ್ಟ ಯಾತ್ರೆ ಅದು.

ಅಕ್ಕ ಅಗಸ್ಟಾ, ತಂಗಿ ಅಡೆಲಿನ್. ಮನೆತನದ ಹೆಸರು ವ್ಯಾನ್ ಬ್ಯೂರೆನ್. 1916ರ ಜುಲೈ ಮೊದಲ ವಾರದಲ್ಲಿ ಇಬ್ಬರೂ ಒಂದೊಂದು ಇಂಡಿಯನ್ ಪವರ್ ಪ್ಲಸ್ ಮೋಟಾರ್ ಸೈಕಲ್ಲನ್ನು ಏರಿದರು. ಯೂರೋಪಿನಲ್ಲಿ ಆಗ ಮಹಾಯುದ್ಧ ನಡೆದಿತ್ತು. ಅಮೆರಿಕೆಯೂ ಅದರಲ್ಲಿ ಧುಮುಕುವುದೆಂಬ ಮಾತು ಎಲ್ಲೆಡೆ ಹಬ್ಬಿತ್ತು. ಸೈನ್ಯದಲ್ಲಿ ಸಂದೇಶವನ್ನು ಒಯ್ಯುವ ಮೋಟಾರ್ ಸೈಕಲ್ ಸವಾರರ ಕೆಲಸವನ್ನು ಹೆಂಗಸರೂ ಮಾಡಬಲ್ಲರು, ಅದರಿಂದ ಅಷ್ಟು ಮಂದಿ ಗಂಡಸರಿಗೆ ಬೇರೆ ಹೊಣೆಗೆ ಬಿಡುವು ದೊರೆಯುವುದು ಎಂಬುದು ಸೋದರಿಯರ ವಾದ. ಬಾಯಿಮಾತನ್ನು ಯಾರು ನಂಬುತ್ತಾರೆ? ಖಂಡವನ್ನೇ ದಾಟಿ ತೋರಿಸುವೆವೆಂದು ಹೊರಟರು.

ಲಿಂಕನ್ ಹೆದ್ದಾರಿಯೆಂಬುದು 1913ರಲ್ಲೇ ಹೆಸರು ಪಡೆದಿತ್ತು. ಹೆಸರಿಗೆ ಹೆದ್ದಾರಿ, ಪಶ್ಚಿಮಕ್ಕೆ ಹೋದಂತೆಲ್ಲ ಅದು ಬರಿಯ ಗಾಡಿಜಾಡು. ಮಳೆ ಬಂದರೆ ಕೆಸರು, ಬಾರದಿದ್ದರೆ ಧೂಳು. ಆದರೆ ಮೊದಲ ವಿಘ್ನ ಬಂದುದು ಮಳೆಯಿಂದಲ್ಲ, ಉಡುಪಿನಿಂದ. ಷಿಕಾಗೋ ದಾಟಿದ ಮೇಲೆ ಸಣ್ಣ ಊರುಗಳಲ್ಲಿ ಪೋಲೀಸರು ಅವರನ್ನು ಮತ್ತೆ ಮತ್ತೆ ತಡೆದರು. ಅವರು ತೊಟ್ಟಿದ್ದ ಚರ್ಮದ ಷರಾಯಿ ಗಂಡಸರ ಉಡುಪೆಂಬುದೇ ಅಪರಾಧ! ಲಂಗ ತೊಟ್ಟು ಆ ಕೆಸರಿನಲ್ಲಿ ಸವಾರಿ ಮಾಡುವ ಬಗೆಯನ್ನು ಆ ಪೋಲೀಸರೇ ಒಮ್ಮೆ ತೋರಿಸಿಕೊಡಬಹುದಾಗಿತ್ತು.

ಕೊಲರಾಡೋದಲ್ಲಿ ದಾರಿ ಬಿಟ್ಟು ಪೈಕ್ಸ್ ಪೀಕ್ ಶಿಖರವನ್ನು ಏರಿದರು. ಅದರ ಎತ್ತರ 14,100 ಅಡಿಗೂ ಮಿಗಿಲು. ಮೋಟಾರ್ ಸೈಕಲ್ ಮೇಲೆ ಅಲ್ಲಿಗೆ ತಲುಪಿದ ಮೊದಲ ಮಹಿಳೆಯರೆಂಬ ಹೆಸರು ಇವರದು. ಅಲ್ಲಿಂದ ಮುಂದೆ ಬೆಟ್ಟದ ಪಡುವಣ ಇಳಿಜಾರಿನಲ್ಲಿ ಮಳೆ ಹಿಡಿಯಿತು. ಭಾರವಾದ ಗಾಡಿಗಳು ಕೆಸರಿನಲ್ಲಿ ಹೂತುಹೋದವು. ಎಳೆದರೂ ಬಾರವು, ನೂಕಿದರೂ ಕದಲವು. ಸೋದರಿಯರು ಅವನ್ನು ಅಲ್ಲಿಯೇ ಬಿಟ್ಟು ಗಂಟೆಗಟ್ಟಲೆ ನಡೆದು ಗಿಲ್ಮನ್ ಎಂಬ ಗಣಿಯ ಊರನ್ನು ಸೇರಿದರು. ಗಣಿಯ ಕೆಲಸಗಾರರು ಬೆರಗಾದರೂ ಕೇಳುವುದನ್ನೆಲ್ಲ ಆಮೇಲೆ ಕೇಳೋಣವೆಂದು ಮೊದಲು ಊಟವಿಕ್ಕಿದರು, ಬಳಿಕ ಗಾಡಿಗಳನ್ನು ಅಗೆದು ತೆಗೆಯಲು ನೆರವಾದರು. ಆ ಗಿಲ್ಮನ್ ಈಗ ಜನರಿಲ್ಲದ ಊರು. ಗಣಿಯ ವಿಷದಿಂದಾಗಿ 1984ರಲ್ಲಿ ಅದನ್ನು ತೆರವು ಮಾಡಿಸಿದರು.

ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮಕ್ಕೆ ನೂರು ಮೈಲಿಯಷ್ಟು ಹೋದಾಗ ಮರುಭೂಮಿಯ ಮರಳಿನಲ್ಲಿ ಜಾಡೇ ಮಾಯವಾಯಿತು. ಒಯ್ದಿದ್ದ ನೀರು ಮುಗಿಯುತ್ತ ಬಂದಿತ್ತು. ಅದಿರು ಹುಡುಕುತ್ತ ಅಲೆಯುವವನೊಬ್ಬ ಕುದುರೆಗಾಡಿಯಲ್ಲಿ ನೀರು ತುಂಬಿಕೊಂಡು ಆ ಕಡೆಗೆ ಬಂದುದರಿಂದ ಜೀವ ಉಳಿಯಿತು.

ಇವರಿಗಿಂತ ಒಂದು ವರ್ಷ ಮೊದಲೇ, 1915ರಲ್ಲಿ, ಎಫಿ ಹಾಚ್‌ಕಿಸ್ ಎಂಬ ತರುಣಿ ತಾಯಿಯನ್ನು ಪಕ್ಕದ ತೊಟ್ಟಿಲಗಾಡಿಯಲ್ಲಿ ಕೂರಿಸಿಕೊಂಡು ಇದೇ ಖಂಡವನ್ನು ದಾಟಿದ್ದಳೆಂಬುದನ್ನು ಇಲ್ಲಿ ಹೇಳದೆ ಇರಲಾರೆ. ದಾರಿಯಲ್ಲಿ ಟ್ಯೂಬು ತೀರಿದಾಗ ಆಕೆ ಕಂಬಳಿಯನ್ನು ಕತ್ತರಿಸಿ ಸುತ್ತಿ ಟಯರಿನೊಳಗೆ ತುರುಕಿ ಮುಂದೆ ಸಾಗಿದಳಂತೆ!

ಸೆಪ್ಟೆಂಬರ್ 2ರಂದು ವ್ಯಾನ್ ಬ್ಯೂರೆನ್ ಸೋದರಿಯರು ಸ್ಯಾನ್ ಫ್ರಾನ್ಸಿಸ್ಕೋ ಸೇರಿದರು, 8ರಂದು ಲಾಸ್ ಏಂಜಲೀಸ್. ಸುಮಾರು 5,500 ಮೈಲಿ. ಪತ್ರಿಕೆಗಳು ಗಾಡಿಯನ್ನು ಹೊಗಳಿದವು. ಡೆನ್ವರಿನ ಒಂದು ಪತ್ರಿಕೆಯಂತೂ, ಇವರಿಗೆ ಮನೆಗೆಲಸ ತಪ್ಪಿಸಿಕೊಳ್ಳಲು ಯುದ್ಧಸಿದ್ಧತೆ ಒಂದು ನೆಪವೆಂದು ಹಂಗಿಸಿತು. ಸಂದೇಶವಾಹಕರ ಕೆಲಸಕ್ಕೆ ಸಲ್ಲಿಸಿದ ಅರ್ಜಿಯನ್ನು ಸೈನ್ಯ ತಳ್ಳಿಹಾಕಿತು.

ಅಡೆಲಿನ್ ಮುಂದೆ ಕಾನೂನು ಪದವಿ ಪಡೆದಳು. ಅಗಸ್ಟಾ ವಿಮಾನ ನಡೆಸಲು ಕಲಿತಳು. 2002ರಲ್ಲಿ ಅಮೆರಿಕೆಯ ಮೋಟಾರ್ ಸೈಕಲ್ ಸವಾರರ ಸಂಘ ಇಬ್ಬರ ಹೆಸರನ್ನೂ ತನ್ನ ಗೌರವಪಟ್ಟಿಗೆ ಸೇರಿಸಿತು; ಆ ವೇಳೆಗೆ ಇಬ್ಬರೂ ತೀರಿಕೊಂಡು ದಶಕಗಳೇ ಕಳೆದಿದ್ದವು. 2016ರ ತಂಡದವರು ದಾಟಿದ ಗೋಲ್ಡನ್ ಗೇಟ್ ಸೇತುವೆಯಂತೂ ಈ ಸೋದರಿಯರು ಬಂದಾಗ ಇರಲೇ ಇಲ್ಲ. ಅದು ಸಂಚಾರಕ್ಕೆ ತೆರೆದದ್ದು 1937ರಲ್ಲಿ.